ಹಸಿರೇರಿದ ಎಲೆ

“ಜೋರು ಬಿಸಿಲು ಎಲೆಯೊಳಗೆ ಬೆಳಕು ಹಿಡಿಯೋ ಭಾಗಗಳನ್ನ ಮುರಿಯುತ್ತಪ್ಪ. ನೆರಳಿಗಿಟ್ರೆ, ಎಲೆ ಮುರಿದದ್ದನ್ನ ಕಿತ್ತುಹಾಕಿ ಹೊಸದನ್ನ ತಾನೇ ಮಾಡ್ಕೊಳ್ಳುತ್ತೆ,” ಎಂದಳು ಸಸ್ಯವಿಜ್ಞಾನ ಓದುತ್ತಿದ್ದ ಧರಣಿ. ಬಿಸಿಲಿಗೆ ಬಿಳುಚಿ, ನೆರಳಿಗೆ ಬಂದ ಮೇಲೆ ಮತ್ತೆ ಹಸಿರೇರಿದ್ದ ವೀಳ್ಯದೆಲೆ ಬಳ್ಳಿಯ ಕುಂಡ ಇಬ್ಬರ ನಡುವೆ ಇತ್ತು.

ಮೇಟಗಳ್ಳಿಯ ಶೆಡ್ಡೊಂದರಲ್ಲಿ ವರ್ಷಗಟ್ಟಲೆ ವೆಲ್ಡಿಂಗ್ ಮಾಡಿದ ಅವಳಪ್ಪ ಚಿಕ್ಕಬಸವಯ್ಯ ಕಪ್ಪು ಕನ್ನಡಕ ತೆಗೆದ. “ಅಂಗಾರೆ ನನ್ ಕಣ್ಣೂ ನೆರಳಲ್ಲಿದ್ರೆ ಸರಿಯೋಯ್ತದೆ ಅನ್ನು.”

ಸುಟ್ಟ ಕಣ್ಣು ಇನ್ನು ಸರಿಯಾಗುವುದಿಲ್ಲವೆಂದು ಡಾಕ್ಟರು ಬೆಳಿಗ್ಗೆ ಅವಳೊಬ್ಬಳಿಗೇ ಹೇಳಿದ್ದರು.

ಅವನು ಎಲೆ ಮುಟ್ಟಲು ಕೈ ಚಾಚಿದ. ಬೆರಳುಗಳು ಎಲೆಯ ಪಕ್ಕದಲ್ಲಿ ಬರೀ ಗಾಳಿಯನ್ನು ತಡಕಾಡಿದವು. ಧರಣಿ ಬಳ್ಳಿಯನ್ನು ಮೆಲ್ಲಗೆ ಆ ಬೆರಳುಗಳತ್ತ ಬಾಗಿಸಿದಳು.

“ಸಿಕ್ತು ನೋಡು! ಕಾಣ್ತಾ ಅದೆ ಕಣವ್ವ,” ಎಂದ ಅಪ್ಪ.