ಮೊದಲ ಗುಂಡು ಮಾರುವವರದು

ಅಜ್ಜಿ ಕೈಚೀಲದಿಂದ ಹಳೆಯ ದಿಂಬಿನ ಗವಸೊಂದನ್ನು ಹೊರತೆಗೆದರು. ಗವಸಿನೊಳಗಿನಿಂದ ರಿವಾಲ್ವರ್ ಬಂತು. ಬಂದೂಕಿನಂಗಡಿಯ ಮಾಲೀಕನಿಗೆ ಅದನ್ನು ಕಂಡು ಕಣ್ಣರಳಿತು. ಮಾರಲು ಬಂದವರ ಮುಂದೆ ಹಾಗೆಲ್ಲ ಕಣ್ಣರಳಿಸಬಾರದೆಂದು ನೆನಪಾಗಿ, ಕೂಡಲೇ ಆಕಳಿಸಿದ.

ಅವನಿಗೆ ಒಂದು ಒಳ್ಳೆಯ ರಿವಾಲ್ವರ್ ತುರ್ತಾಗಿ ಬೇಕಿತ್ತು. ಮಾರುವುದಕ್ಕಲ್ಲ, ಮಾನ ಉಳಿಸಿಕೊಳ್ಳುವುದಕ್ಕೆ. ಮರುದಿನ ಕ್ಲಬ್ಬಿನ ಗುರಿ ಪಂದ್ಯ. ಪ್ರತಿ ವರ್ಷವೂ ಅಲ್ಲಿ ಅವನ ಷಡ್ಡಕ ಗೆಲ್ಲುತ್ತಿದ್ದ, ಇವನು ಸೋಲುತ್ತಿದ್ದ. ಷಡ್ಡಕನದು ಬಟ್ಟೆ ವ್ಯಾಪಾರ. ಬಟ್ಟೆ ಮಾರುವವನ ಎದುರು ಬಂದೂಕು ಮಾರುವವನು ಸೋತರೆ ಜನ ನಗದೆ ಇನ್ನೇನು ಮಾಡುತ್ತಾರೆ? ಕಳೆದ ಸಲ ಸೋತ ಸಿಟ್ಟಿನಲ್ಲಿ ಮಾಲೀಕ ಎಲ್ಲರೆದುರು ಬಾಯಿ ಜಾರಿ ಹೇಳಿದ್ದ: ಇನ್ನೊಮ್ಮೆ ಸೋತರೆ, ಅಂಗಡಿಯ ಮೇಲಿನ ‘ಗುರಿಕಾರ’ ಎಂಬ ಬೋರ್ಡನ್ನು ನಾನೇ ಹತ್ತಿ ಕಳಚುತ್ತೇನೆ. ಷಡ್ಡಕ ಆ ಕೆಲಸಕ್ಕೆಂದು ಏಣಿಯನ್ನೂ ಕಳಿಸಿಕೊಟ್ಟಾಗಿತ್ತು.

ರಿವಾಲ್ವರ್ ಯಜಮಾನರದೇ ಎಂದು ಮಾಲೀಕ ಕೇಳಿದ.

“ಅವರು ಇದನ್ನ ಮುಟ್ಟಿದವರೇ ಅಲ್ಲಪ್ಪ. ಶಬ್ದ ಅಂದ್ರೆ ಆಗ್ತಿರ್ಲಿಲ್ಲ ಅವರಿಗೆ.”

ಅಂದರೆ, ಯಾರೂ ಬಳಸದೆ ಬೀರುವಿನಲ್ಲಿ ಮಲಗಿದ್ದ ಮಾಲು. ಮಾಲೀಕ ಒಳಗೊಳಗೇ ಹಿಗ್ಗಿದ. ಲೈಸೆನ್ಸು ಸರಿಯಾಗಿತ್ತು. ಗುಂಡಿನ ಚಕ್ರ ತಿರುಗಿಸಿದ, ಅಲುಗಾಟವಿಲ್ಲ. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. ಒಳಗೆ ತುಕ್ಕಿನ ಚುಕ್ಕೆಯೂ ಇಲ್ಲ. ಹಿಡಿಯ ಮರ ಮಾತ್ರ ಸವೆದು ನುಣುಪಾಗಿತ್ತು. ಗವಸಿಗೆ ಉಜ್ಜಿ ಉಜ್ಜಿ ಸವೆದಿರಬೇಕು ಎಂದುಕೊಂಡ. ಬಾಯಲ್ಲಿ ಮಾತ್ರ, ಹಳೇ ಕಬ್ಬಿಣ, ಇದನ್ನು ಕೇಳುವವರೇ ಇಲ್ಲ ಎಂದು ರಾಗ ಎಳೆದ.

ಅಜ್ಜಿ ಅದಕ್ಕೇನೂ ಬೇಸರ ಮಾಡಿಕೊಳ್ಳಲಿಲ್ಲ. “ಇದರದ್ದೊಂದು ಬುದ್ಧಿ ಇದೆ. ಮೊದ್ಲೇ ಹೇಳಿಬಿಡ್ತೀನಿ...”

“ಬಂದೂಕಿನ ಬುದ್ಧಿ ನಂಗೆ ಬಿಡಿ ಅಜ್ಜಿ. ನಮ್ಮಪ್ಪನ ಕಾಲದಿಂದ ಇದೇ ಕೆಲಸ ನಮ್ದು.”

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಹಳೆಯ ಬಂದೂಕಿಗೆ ಬೆಲೆ ಕಟ್ಟುವ ಮೊದಲು, ಮಾರುವವರೇ ಹಿಂದಿನ ಕೋಣೆಗೆ ಹೋಗಿ ಅದನ್ನು ಹೊಡೆದು ತೋರಿಸಬೇಕು. ಸಿಡಿದರೆ ಅವರ ಕೈಯಲ್ಲೇ ಸಿಡಿಯಲಿ ಎಂಬ ಜಾಣತನ ಇದೆಂದು ಊರಿನವರು ತಿಳಿದಿದ್ದರು. ನಿಜ ಸಂಗತಿ ಮಾಲೀಕನಿಗೆ ಮಾತ್ರ ಗೊತ್ತು. ತಾನು ಹೊಡೆದು ಗುರಿ ತಪ್ಪಿದರೆ, ದೋಷ ಬಂದೂಕಿನದೋ ಕೈಯದೋ ಎಂದು ಅವನಿಗೆ ಇದುವರೆಗೆ ತಿಳಿದದ್ದೇ ಇಲ್ಲ.

ಕೋಣೆಯ ತುದಿಯಲ್ಲಿ ಮರಳುಮೂಟೆ ಪೇರಿಸಿದ ಗೋಡೆ, ಅದರ ಮುಂದೆ ಮರದ ಹಲಗೆ. ಅಜ್ಜಿ ಚೀಲದಿಂದ ಹತ್ತಿ ತೆಗೆದು ಕಿವಿಗೆ ತುರುಕಿಕೊಂಡರು. ಗಂಡ ಹೆಂಡತಿ ಇಬ್ಬರೂ ಹೆದರುಪುಕ್ಕಲರೇ ಎಂದು ಮಾಲೀಕ ನಕ್ಕ. ಆಮೇಲೆ ನಗು ನಿಂತಿತು, ಏಕೆಂದರೆ ಅಜ್ಜಿ ಹಲಗೆಯನ್ನು ನೋಡುತ್ತಲೇ ಇರಲಿಲ್ಲ. ಅವರ ಮೂತಿ, ರಿವಾಲ್ವರಿನ ಮೂತಿ ಎರಡೂ ಹಲಗೆಯ ಬಲಕ್ಕಿದ್ದ ಬರೀ ಗೋಡೆಯ ಕಡೆಗಿದ್ದವು. ಹಲಗೆ ಅಲ್ಲಿದೆ ಎಂದು ಅವನು ಹೇಳುವಷ್ಟರಲ್ಲಿ ಗುಂಡುಗಳು ಒಂದರ ಹಿಂದೊಂದು ಹಾರಿದ್ದವು.

ಹಲಗೆಯ ನಟ್ಟನಡುವೆ ಒಂದೇ ತೂತು. ಎಲ್ಲ ಗುಂಡುಗಳೂ ಅದರಲ್ಲೇ ತೂರಿದ್ದವು.

ಮಾಲೀಕ ಆ ತೂತಿಗೆ ಬೆರಳು ತೂರಿಸಿ ನೋಡಿದ. ಎತ್ತಲೋ ನೋಡಿ ಹೊಡೆದ ಮುದುಕಿಯ ಗುಂಡು ನಡುವಿಗೆ ಬೀಳಬೇಕಾದರೆ, ರಿವಾಲ್ವರ್ ಎಂಥದ್ದಿರಬೇಕು! ಆದರೂ ವ್ಯಾಪಾರಿಯ ಬುದ್ಧಿ ಬಿಡಲಿಲ್ಲ. ಪರವಾಗಿಲ್ಲ, ಸುಮಾರಾಗಿದೆ ಎಂದು ಮುಖ ಸಿಂಡರಿಸಿ, ಅರ್ಧ ಬೆಲೆ ಹೇಳಿದ. ಅಜ್ಜಿ ಚೌಕಾಸಿ ಮಾಡದೆ ಒಪ್ಪಿದರು. ಪಾಪ ಅನಿಸಿತು ಅವನಿಗೆ, ಒಂದು ಗಳಿಗೆ. ಅವರು ಹೋದ ಮೇಲೆ ಪರೀಕ್ಷೆಗೆಂದು ಒಂದು ಗುಂಡನ್ನೂ ಹೊಡೆಯಲಿಲ್ಲ. ಇಂಥ ಮಾಲಿಗೆ ತನ್ನ ಕೈಯ ದೃಷ್ಟಿ ತಾಗೀತೆಂಬ ಭಯ.

ಮರುದಿನ ಕ್ಲಬ್ಬಿನಲ್ಲಿ ಹಲಗೆಗಳು ಸಾಲಾಗಿ ನಿಂತಿದ್ದವು. ಮಾಲೀಕನ ಎಡಕ್ಕೆ ಷಡ್ಡಕನ ಹಲಗೆ. ಒಳ್ಳೆಯ ರಿವಾಲ್ವರ್ ಕೈಯಲ್ಲಿದೆ ಎಂಬ ಧೈರ್ಯಕ್ಕೋ ಏನೋ, ಮಾಲೀಕನ ಕೈ ಹುಟ್ಟಿದಾಗಿನಿಂದ ಮೊದಲ ಬಾರಿಗೆ ನಡುಗಲಿಲ್ಲ. ತನ್ನ ಹಲಗೆಯ ನಡುವನ್ನೇ ನೆಟ್ಟ ಕಣ್ಣಿಂದ ನೋಡುತ್ತ, ಉಸಿರು ಹಿಡಿದು, ಎಲ್ಲ ಗುಂಡು ಹಾರಿಸಿದ. ಗೆದ್ದೆ ಅನ್ನಿಸಿತು. ಕಣ್ಣಲ್ಲಿ ನೀರು ಬಂತು.

ಹಲಗೆಗಳನ್ನು ತಂದರು. ಅವನ ಗುಂಡುಗಳೆಲ್ಲ ಅಂಗೈಯಗಲದ ಜಾಗದಲ್ಲಿ ಒತ್ತೊತ್ತಾಗಿ ಕೂತಿದ್ದವು. ಅಷ್ಟು ಚೆನ್ನಾಗಿ ಅವನು ಎಂದೂ ಹೊಡೆದಿರಲಿಲ್ಲ. ಕೂತಿದ್ದದ್ದು ಮಾತ್ರ ಷಡ್ಡಕನ ಹಲಗೆಯಲ್ಲಿ.

ಷಡ್ಡಕ ನಕ್ಕು ನಕ್ಕು ಸುಸ್ತಾಗಿ, ಕುರ್ಚಿಯಲ್ಲಿ ಕೂತಿದ್ದ ಒಬ್ಬರನ್ನು ಕೈಹಿಡಿದು ಕರೆತಂದ. ನಮ್ಮ ಸೋದರತ್ತೆ, ಮೊನ್ನೆ ಬಂದರು, ನನಗೆ ಗುರಿ ಕಲಿಸಿದವರು ಇವರೇ ಎಂದು ಪರಿಚಯಿಸಿದ.

ಅಜ್ಜಿ ಕಿವಿಯ ಹತ್ತಿ ತೆಗೆಯುತ್ತ, ಮಾಲೀಕನನ್ನು ನಿಜವಾದ ಮರುಕದಿಂದ ನೋಡಿದರು.

“ಅದು ಯಾವಾಗ್ಲೂ ಎಡಕ್ಕೇ ಎಳೆಯುತ್ತಪ್ಪ, ಹೇಳೋಕೆ ನೀನು ಬಿಡ್ಲಿಲ್ಲ ಅಂತ, ಬಲಗಡೆ ಗೋಡೆ ನೋಡಿ ಹೊಡೀಬೇಕು ಅಂತ ನಿನ್ನ ಕಣ್ಣೆದುರೇ ಹೊಡೆದು ತೋರಿಸಿದ್ನಲ್ಲ!”