ಕಲ್ಲಮ್ಮನ ಮುಖ

"ಇದು ಅಮ್ಮ ಅಲ್ಲ ಅಪ್ಪಾಜಿ," ಎಂದಳು ಸುಮನಾ, ಶಾಯಿ ಆರದ ಪೋಸ್ಟರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು. "ಯಾರೋ ಹೀರೋಯಿನ್. ಇವಳನ್ನ ಹುಡುಕ್ತಾ ಹೊರಟ್ರೆ, ಅಮ್ಮ ಎದುರಿಗೇ ನಿಂತಿದ್ರೂ ಜನ ದಾಟ್ಕೊಂಡು ಹೋಗ್ತಾರೆ."

ಮರೆವಿನ ಕಾಯಿಲೆಯ ಕಲ್ಲಮ್ಮ ಭದ್ರಾವತಿಯಲ್ಲಿ ಶಿವಮೊಗ್ಗದ ಬಸ್ಸು ಹತ್ತಿ ಕಾಣೆಯಾಗಿ ಮೂರು ದಿನವಾಗಿತ್ತು. ಫೋನ್ ಎತ್ತಿದರೆ ಮುಖಕ್ಕೆ ಸೆರಗು ಹಿಡಿಯುವ ಹೆಂಗಸು. ಇದ್ದ ಒಂದೇ ಫೋಟೋ ಆಧಾರ್ ಕಾರ್ಡಿನದು, ಅದರಲ್ಲಿ ಆಕೆ ಯಾರು ಬೇಕಾದರೂ ಆಗಬಹುದಿತ್ತು. ಹಾಗಾಗಿ ಉಜ್ಜನಪ್ಪ ಹೆಂಡತಿಯ ಮುಖವನ್ನು ನೆನಪಿನಿಂದಲೇ ಲಿನೋ ಎಂಬ ರಬ್ಬರಿನಂಥ ಅಚ್ಚಿನ ಹಾಳೆಯಲ್ಲಿ ಕೆತ್ತಿ ಅಚ್ಚೊತ್ತಿದ್ದ. ನಲವತ್ತು ವರ್ಷ ನಾಟಕದವರಿಗೂ ಪುಢಾರಿಗಳಿಗೂ ಪೋಸ್ಟರ್ ಮಾಡಿ, ಎಂಥ ಮುಖದಿಂದಲೂ ಇಪ್ಪತ್ತು ವರ್ಷ ಇಳಿಸುವುದನ್ನು ಕಲಿತ ಕೈ ಅದು. ಈಗ ಬೇಡವೆಂದರೂ ಕೇಳುತ್ತಿರಲಿಲ್ಲ.

"ಸುಕ್ಕು ಹಾಕಿ. ಸಂಜೆಯೊಳಗೆ ಆಲ್ಕೊಳ ಸರ್ಕಲ್‌ನಿಂದ ಕುಂಸಿವರೆಗೂ ಅಂಟಿಸ್ಬೇಕು," ಎಂದಳು ಮಗಳು.

ಇದ್ದ ಕೊನೆಯ ಲಿನೋ ಹಾಳೆಯನ್ನು ಎಳೆದುಕೊಂಡು ಆತ ಮೊದಲಿನಿಂದ ಶುರು ಮಾಡಿದ. ಒಮ್ಮೆ ಕೆತ್ತಿದ್ದನ್ನು ಮತ್ತೆ ತುಂಬಲು ಬರುವುದಿಲ್ಲ. ಹಣೆಯ ಗೆರೆಗಳು ಬಂದವು, ಕಣ್ಣಿನ ಕೆಳಗಿನ ಚೀಲಗಳು ಬಂದವು. ಬಾಯಿಯ ಹತ್ತಿರ ಉಳಿ ನಿಂತುಬಿಟ್ಟಿತು.

"ಹಲ್ಲೆಲ್ಲ ಸರಿಯಾಗಿದಾವೇನೇ?"

"ಮುಂದಿಂದು ಒಂದು ಬಿದ್ದು ಎರಡು ವರ್ಷ ಆಯ್ತಲ್ಲ!"

ಉಜ್ಜನಪ್ಪ ಆ ಎರಡು ವರ್ಷದ ಊಟ, ಕಾಫಿ, ಜಗಳಗಳನ್ನೆಲ್ಲ ತಡಕಾಡಿದ. ಹೆಂಡತಿಯ ದನಿ ಕೇಳಿಸಿತು, ಬಾಯಿ ಎಲ್ಲೂ ಕಾಣಲಿಲ್ಲ. ಕೊನೆಗೆ, ಮಗಳತ್ತ ತಿರುಗದೆ ಕೇಳಿದ:

"ಯಾವ ಕಡೇದು?"