ಬಾಯಿಗೆ ಬಾರದ ಹೆಸರು

ಕುದುರೆಯಿಂದ ಇಳಿಯುವ ಮೊದಲೇ ಶೆರ್ಗಾಜಿ ಹೆಗಲಿನ ಬಂದೂಕನ್ನು ಕೈಗೆ ತೆಗೆದುಕೊಂಡ. ಕಂಬಳಿ ಗುಡಾರದ ಬಾಗಿಲಲ್ಲಿ ನಿಂತಿದ್ದ ಬುರುಲ್ ಬಂದೂಕನ್ನು ನೋಡಿದಳು, ಕಟ್ಟಿಹಾಕಿದ್ದ ನಾಯಿಯನ್ನು ನೋಡಿದಳು, ಕೊನೆಗೆ ಅವನ ಮುಖ ನೋಡಿದಳು. ಒಳಗೆ ಬನ್ನಿ ಎನ್ನಲಿಲ್ಲ. ಆ ಬೆಟ್ಟಗಳಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

“ಏನು ಸೊಸೆಮ್ಮಾ, ಬಂದೋರಿಗೆ ಒಂದು ಬಟ್ಟಲು ಕುದುರೆ ಹಾಲೂ ಇಲ್ವಾ?” ಎಂದು ಅವನು ದನಿ ಎತ್ತಿದ.

“ಮೆಲ್ಲಗೆ ಮಾತಾಡಿ ಅಣ್ಣ. ಹಿಂದುಗಡೆ ಬಂಡೆ ಮರೆಯಲ್ಲಿ ಬಾಣಂತಿ ಮಲಗಿದಾಳೆ.”

“ಯಾರದು?”

“ನಮ್ಮ ನಾದಿನಿ. ಅವಳಿ ಹೆತ್ತಿದಾಳೆ.”

ಹೆಸರೇನೆಂದು ಅವನು ಕೇಳಲಿಲ್ಲ. ಕಿರ್ಗಿಜರ ಸೊಸೆ ಗಂಡನ ಮನೆಯವರ ಹೆಸರು ಹೇಳುವವಳಲ್ಲ. ಶೆರ್ಗಾಜಿ ಎಷ್ಟೇ ಕೆಟ್ಟವನಾದರೂ ತಾಯಿ ಹೆತ್ತ ಮಗ. “ತೊಟ್ಟಿಲ ಹಗ್ಗ ಗಟ್ಟಿಯಾಗಿರಲಿ” ಎಂದು ಪದ್ಧತಿಯಂತೆ ಹರಸಿ ದನಿ ತಗ್ಗಿಸಿದ.

ಬಂಡೆಯ ಸುತ್ತ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಅಲ್ಲಿ ಒಂದು ಕುರಿಯೂ ಇರಲಿಲ್ಲ. ಬುರುಲಳ ಗಂಡ ಮಂದೆಯನ್ನೆಲ್ಲ ಎದುರು ಗುಡ್ಡದ ಬೋಳು ಇಳಿಜಾರಿಗೆ ಹೊಡೆದುಕೊಂಡು ಹೋಗಿದ್ದ.

“ಮನೆ ಹಿಂದೆ ಇಂಥ ಮೇವು ಬಿಟ್ಟು ಅಷ್ಟು ದೂರ ಹೋಗಿದಾನಲ್ಲ, ನಿನ್ನ ಗಂಡನಿಗೆ ತಲೆ ನೆಟ್ಟಗಿದೆಯಾ?”

“ಬಾಣಂತಿಗೆ ಗಲಾಟೆ ಆಗಬಾರದು ಅಂತ.”

ಹೆಂಗಸರ ಮಾತು ಕೇಳಿ ಕುಣಿಯುವ ಗಂಡು ಎಂದುಕೊಂಡು ಶೆರ್ಗಾಜಿ ನಕ್ಕ. ಆಮೇಲೆ ಕಲ್ಲಿನ ಮೇಲೆ ಕೂತು, ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ಬಂದ ಕೆಲಸಕ್ಕೆ ಕೈ ಹಾಕಿದ.

“ಇಲ್ಬಿರ್ಸ್ ಎಲ್ಲಿ?”

ಬುರುಲ್ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಇಲ್ಬಿರ್ಸ್ ಎಂದರೆ ಹಿಮಚಿರತೆ. ಅವಳ ಮಾವನ ಹೆಸರೂ ಅದೇ. ಮದುವೆಯಾಗಿ ಹದಿನೈದು ವರ್ಷವಾದರೂ ಆ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ಒಮ್ಮೆ ಕುರಿದೊಡ್ಡಿಗೆ ಚಿರತೆ ನುಗ್ಗಿದಾಗ “ಅವರು ಬಂದಿದಾರೆ, ಅವರು ಬಂದಿದಾರೆ” ಎಂದು ಕೂಗಿಕೊಂಡಳಂತೆ. ಅಪ್ಪ ಬಂದರೆಂದು ಗಂಡ ಚಹಾಕ್ಕೆ ನೀರಿಟ್ಟನಂತೆ. ಈ ಕಥೆ ಹೇಳಿಕೊಂಡು ನಗದವರು ಕಣಿವೆಯಲ್ಲಿ ಯಾರೂ ಇಲ್ಲ.

ಆ ಮಾವ ಮೂವತ್ತು ವರ್ಷ ಈ ಬೆಟ್ಟಗಳ ಕಾವಲುಗಾರನಾಗಿದ್ದವನು. ಮುದುಕ ಹಾಸಿಗೆ ಹಿಡಿದ ಎಂದು ಪೇಟೆಯ ಚಹಾದಂಗಡಿಯಲ್ಲಿ ಕೇಳಿದ ಮೇಲೆಯೇ ಶೆರ್ಗಾಜಿಗೆ ಇಲ್ಲಿಗೆ ಬರುವ ಧೈರ್ಯ ಬಂದದ್ದು.

“ನನಗೇನೂ ಗೊತ್ತಿಲ್ಲ,” ಎಂದಳು ಬುರುಲ್.

ಅವನು ಕುದುರೆಯಿಂದ ಇಳಿಸಿಟ್ಟಿದ್ದ ಜೀನಿನ ಚೀಲವನ್ನು ಕಾಲಿನಿಂದ ಅವಳತ್ತ ನೂಕಿದ. “ಇದರಲ್ಲಿ ವಿಷ ಸವರಿದ ಮಾಂಸ ಇದೆ. ಹೇಳಿದರೆ ಒಂದೇ ಗುಂಡು, ಒಂದೇ ಚರ್ಮ, ನನ್ನ ದಾರಿ ನನಗೆ. ಹೇಳದಿದ್ದರೆ ಕಣಿವೆ ತುಂಬ ಎಸೆದು ಹೋಗ್ತೀನಿ.”

“ರಣಹದ್ದು ತಿಂದು ಸಾಯ್ತವೆ.”

“ಸಾಯಲಿ.”

“ಹದ್ದು ಸತ್ತರೆ ಕೊಳೆತದ್ದನ್ನ ತಿನ್ನೋರು ಯಾರು, ನಿಮ್ಮಪ್ಪನಾ? ಎಲ್ಲಾ ಹಳ್ಳದ ನೀರಿಗಿಳಿಯುತ್ತೆ. ಕೆಳಗಿನ ಊರಿನ ಮಕ್ಕಳು ಅದನ್ನೇ ಕುಡಿಯೋದು. ಆಚೆ ಕಣಿವೆ ನೋಡಿಲ್ವಾ ನೀವು? ನಿಮ್ಮಂಥೋರು ಇಲ್ಬಿ—” ಅವಳು ನಾಲಿಗೆ ಕಚ್ಚಿಕೊಂಡಳು. “ಆ ಪ್ರಾಣಿಗಳನ್ನೆಲ್ಲ ಹೊಡೆದಿರಿ. ಕಾಡುಮೇಕೆ ಹೆಚ್ಚಿ ಇಳಿಜಾರು ಬೋಳಾಯ್ತು, ಮಣ್ಣು ಜಾರಿ ಬುಗ್ಗೆ ಮುಚ್ಚಿಹೋಯ್ತು. ಈಗ ಅಲ್ಲಿ ಒಂದು ಒಲೆಯ ಹೊಗೆಯೂ ಏಳಲ್ಲ.”

“ಪಾಠ ಸಾಕು. ಎಲ್ಲಿ?”

ಬುರುಲ್ ಚೀಲವನ್ನೇ ನೋಡುತ್ತ ನಿಂತಳು. ನಾಯಿಗೆ ಎಟುಕದಂತೆ ಅದನ್ನು ಆಚೆ ಸರಿಸಿದಳು. ಹೆದರಿದಳೆಂದು ಅವನಿಗೆ ಸಂತೋಷವಾಯಿತು.

“ನೀವು ಬೆಟ್ಟದ ಯಜಮಾನರನ್ನ ಕೇಳ್ತಿದೀರಾ?”

“ಹೂಂ ತಾಯಿ, ಅವರನ್ನೇ, ಆ ಮಹಾಸ್ವಾಮಿಗಳನ್ನೇ!”

“ಕರಿಕೊರಕಲಿನ ಮೇಲಿರ್ತಾರೆ. ಬುಗ್ಗೆ ಪಕ್ಕದ ಚಪ್ಪಟೆ ಬಂಡೆ ಮೇಲೆ. ವಯಸ್ಸಾಯ್ತು, ಈಚೆಗೆ ಓಡಾಟ ಕಡಿಮೆ. ಮಧ್ಯಾಹ್ನದ ಬಿಸಿಲಿಗೆ ಮಲಗಿರ್ತಾರೆ, ಆದರೆ ಕಿವಿ ಬಹಳ ಚುರುಕು. ಜೊತೆಗೆ ಇನ್ನಿಬ್ಬರು ಇರ್ತಾರೆ.”

“ಇಬ್ಬರು! ಮರಿಗಳಿಗೂ ಮರ್ಯಾದೆ ಕೊಡ್ತೀಯಲ್ಲೇ,” ಎಂದು ಶೆರ್ಗಾಜಿ ಹೊಟ್ಟೆ ಹಿಡಿದುಕೊಂಡು ನಗಲು ಹೋಗಿ, ಬಾಣಂತಿಯ ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದ. “ನೀನು ಸುಳ್ಳು ಹೇಳಿದ್ರೆ ವಾಪಸ್ ಬರ್ತೀನಿ. ಮೊದಲು ನಿನ್ನ ನಾಯಿ.”

“ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ.”

ಕೊರಕಲು ಹತ್ತಲು ಒಂದು ಗಂಟೆ ಹಿಡಿಯಿತು. ಶೆರ್ಗಾಜಿ ಕುದುರೆಯನ್ನು ಕೆಳಗೇ ಕಟ್ಟಿ, ಚೀಲ ಹೊತ್ತುಕೊಂಡು, ಬೂಟು ಕಳಚಿ ಬರಿಗಾಲಲ್ಲಿ ತೆವಳಿದ. ಬುಗ್ಗೆಯ ಸದ್ದು ಕೇಳಿತು. ಚಪ್ಪಟೆ ಬಂಡೆ ಕಂಡಿತು. ಅದರ ಮೇಲೆ ಏನೋ ಬೂದುಬಣ್ಣದ್ದು ಮಲಗಿತ್ತು. ಅವನು ಉಸಿರು ಬಿಗಿಹಿಡಿದು ಗುರಿ ಇಟ್ಟ.

“ಬಂದೂಕು ಕೆಳಗಿಡು,” ಎಂದಿತು ಬೆನ್ನ ಹಿಂದಿನ ದನಿ. ಎರಡು ನಳಿಗೆಗಳು ಅವನ ಪಕ್ಕೆಗೆ ತಾಗಿದವು.

ಬಂಡೆಯ ಮೇಲಿನ ಬೂದುಬಣ್ಣದ ಕಂಬಳಿ ಸರಿಯಿತು. ಅದರಡಿಯಿಂದ, ಹಾಸಿಗೆ ಹಿಡಿದಿದ್ದಾನೆ ಎಂದು ಪೇಟೆಯವರು ಹೇಳುತ್ತಿದ್ದ ಮುದುಕ ಇಲ್ಬಿರ್ಸ್ ಊರುಗೋಲು ಹಿಡಿದು ಎದ್ದು ಕೂತ. ಇಬ್ಬರು ಕಾವಲುಗಾರರು ಶೆರ್ಗಾಜಿಯ ಕೈಗಳನ್ನು ಹಿಂದಕ್ಕೆ ಕಟ್ಟಿದರು, ಚೀಲ ಬಿಚ್ಚಿ ಮೂಸಿ ಮುಖ ಕಿವುಚಿದರು.

“ಯಾರು ದಾರಿ ತೋರಿಸಿದ್ದು?” ಮುದುಕ ಕೇಳಿದ.

“ನಿಮ್ಮ ಸೊಸೆ! ಬೆಟ್ಟದ ಯಜಮಾನರು ಅಂದಳು.”

“ನನ್ನನ್ನ ಅವಳು ಇನ್ನೇನು ಅಂತ ಕರೀಬೇಕು?”

ಶೆರ್ಗಾಜಿಯ ಸೊಕ್ಕು ಇಳಿಯಿತು. ಜೈಲು ಕಣ್ಣೆದುರು ಬಂದಾಗ ಪದ್ಧತಿಯ ನೆನಪಾಯಿತು. “ಹಿರಿಯರೇ, ನಿಮ್ಮ ಮನೆಗೆ ನಾನು ಅಮರ್ಯಾದೆ ಮಾಡಿಲ್ಲ. ಗುಡಾರದ ಹಿಂದೆ ನಿಮ್ಮ ಮಗಳು ಬಾಣಂತಿ ಮಲಗಿದಾಳೆ ಅಂತ ದನಿ ತಗ್ಗಿಸಿದೆ. ತೊಟ್ಟಿಲನ್ನೂ ಹರಸಿದೆ. ಅದನ್ನಾದರೂ ನೋಡಿ ಬಿಟ್ಟುಬಿಡಿ.”

ಮುದುಕ ಹುಬ್ಬು ಗಂಟಿಕ್ಕಿದ. ಆಮೇಲೆ ನಿಧಾನವಾಗಿ ಅವನ ಗಡ್ಡ ಅಲುಗಿತು.

“ಮಗಳಾ? ನನಗಿರೋದು ಒಬ್ಬನೇ ಮಗ ಕಣಯ್ಯ. ಆ ಬಂಡೆ ಮರೆಯಲ್ಲಿ ಮರಿ ಹಾಕಿಕೊಂಡು ಮಲಗಿರೋಳು ನನ್ನ ಹೆಸರಿನವಳು.”